ಹೆಸರು ಹೇಳಿಯೇ ಮಾತಾಡಬೇಕೆ? ದಕ್ಷಿಣ ಕೊರಿಯಾ ಐದು ವರ್ಷ ನಡೆಸಿದ ಪ್ರಯೋಗ

ಅಂತರ್ಜಾಲದ ಚರ್ಚೆಗಳಲ್ಲಿ ಪಾಲ್ಗೊಳ್ಳುವವರೆಲ್ಲರೂ ತಮ್ಮ ನಿಜನಾಮವನ್ನೇ ಕೊಡಬೇಕು, ಗುರುತಿನ ಚೀಟಿ ತೋರಿಸದವರಿಗೆ ಅಲ್ಲಿ ಬಾಯಿ ತೆರೆಯಲು ಅವಕಾಶವಿರಬಾರದು ಎಂಬ ಆಗ್ರಹ ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಮುಖವಿಲ್ಲದವರ ಬೈಗುಳಕ್ಕೆ ಗುರಿಯಾದವರಿಗೆ ಹಾಗೆ ಅನ್ನಿಸುವುದು ಸಹಜವೇ. ಹೆಸರು ಬಯಲಾಗುವುದೆಂಬ ಅಂಜಿಕೆಯಿದ್ದರೆ ನಾಲಗೆ ತಾನಾಗಿ ಹದಕ್ಕೆ ಬರುತ್ತದೆ ಎಂದು ನಾವೂ ಬಹುಕಾಲ ನಂಬಿದ್ದೆವು. ಆದರೆ ಈ ನಂಬಿಕೆಯನ್ನು ಒಂದು ಇಡೀ ದೇಶ ಕಾನೂನು ಮಾಡಿಯೇ ಪರೀಕ್ಷಿಸಿ ನೋಡಿದೆ. ದಕ್ಷಿಣ ಕೊರಿಯಾದ ಆ ಅನುಭವವನ್ನು ತಿಳಿದ ಮೇಲೆ ನಮ್ಮ ಅಭಿಪ್ರಾಯ ಮೊದಲಿನಂತೆ ಉಳಿಯಲಿಲ್ಲ.

ಕೊರಿಯಾದ ಪ್ರತಿಯೊಬ್ಬ ಪ್ರಜೆಗೂ ಹದಿಮೂರು ಅಂಕಿಗಳ ಒಂದು ನಿವಾಸಿ ನೋಂದಣಿ ಸಂಖ್ಯೆ ಇರುತ್ತದೆ. ನಮ್ಮ ಆಧಾರ್‌ನ ಹನ್ನೆರಡು ಅಂಕಿಗಳನ್ನು ನೋಡಿ ಯಾರ ಕುರಿತೂ ಏನನ್ನೂ ಹೇಳಲಾಗದು. ಕೊರಿಯಾದ ಸಂಖ್ಯೆ ಅಂಥದಲ್ಲ. ಮೊದಲ ಆರು ಅಂಕಿಗಳು ಜನ್ಮದಿನಾಂಕವನ್ನೂ, ಏಳನೆಯದು ಗಂಡೋ ಹೆಣ್ಣೋ ಎಂಬುದನ್ನೂ ಹೇಳುತ್ತವೆ. ಬ್ಯಾಂಕು, ಆಸ್ಪತ್ರೆ, ದೂರವಾಣಿ ಎಲ್ಲಕ್ಕೂ ಅದೇ ಕೀಲಿಕೈ. 2007ರ ಜುಲೈನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ದಿನಕ್ಕೆ ಮೂರು ಲಕ್ಷಕ್ಕಿಂತ ಹೆಚ್ಚು ಮಂದಿ ಬಂದುಹೋಗುವ ದೊಡ್ಡ ಜಾಲತಾಣಗಳಲ್ಲಿ ಏನನ್ನಾದರೂ ಬರೆಯಬೇಕಾದರೆ ಮೊದಲು ಗುರುತನ್ನು ಸಾಬೀತುಪಡಿಸಬೇಕಾಗಿತ್ತು. ಬಹುಮಟ್ಟಿಗೆ ಅದು ನಡೆಯುತ್ತಿದ್ದುದು ಈ ಸಂಖ್ಯೆಯ ಮೂಲಕವೇ. ಬರಹದ ಕೆಳಗೆ ಅಡ್ಡಹೆಸರನ್ನು ಹಾಕಿಕೊಳ್ಳಲು ಅಡ್ಡಿಯಿರಲಿಲ್ಲ. ಆದರೆ ಅದರ ಹಿಂದೆ ಯಾರಿದ್ದಾರೆಂಬುದು ಜಾಲತಾಣದ ಕಡತದಲ್ಲಿ ದಾಖಲಾಗಿರುತ್ತಿತ್ತು. 2008ರ ಅಕ್ಟೋಬರಿನಲ್ಲಿ ಅಲ್ಲಿನ ಮನೆಮಾತಾಗಿದ್ದ ನಟಿ ಚೋಯ್ ಜಿನ್-ಸಿಲ್, ಅಂತರ್ಜಾಲದಲ್ಲಿ ಹಬ್ಬಿದ ಅಪವಾದಗಳ ನಡುವೆ ಪ್ರಾಣ ಕಳೆದುಕೊಂಡರು. ದೇಶವೇ ಮರುಗಿತು. ಮುಂದಿನ ವರ್ಷ ಮೂರು ಲಕ್ಷದ ಮಿತಿ ಒಂದು ಲಕ್ಷಕ್ಕೆ ಇಳಿಯಿತು. ಆಕೆ ತೀರಿಕೊಂಡಾಗ ನಿಜನಾಮದ ನಿಯಮ ಜಾರಿಯಲ್ಲಿ ಇದ್ದೇ ಇತ್ತು ಎಂಬುದನ್ನು ಆ ದುಃಖದಲ್ಲಿ ಹೆಚ್ಚು ಮಂದಿ ಗಮನಿಸಿದಂತೆ ತೋರುವುದಿಲ್ಲ.

ಅದೇ ಕಾಲದ ಇನ್ನೊಂದು ಪ್ರಸಂಗ ಈ ಕಥೆಯ ಮತ್ತೊಂದು ಮುಖವನ್ನು ತೋರಿಸುತ್ತದೆ. 2008ರಲ್ಲಿ ‘ಮಿನರ್ವಾ’ ಎಂಬ ಅಡ್ಡಹೆಸರಿನ ಲೇಖಕರೊಬ್ಬರು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆಯ ಪತನವನ್ನು ಮೊದಲೇ ಊಹಿಸಿ ಬರೆದು ಹೆಸರು ಮಾಡಿದರು. ಇಷ್ಟು ಬಲ್ಲವರು ಹಣಕಾಸು ವಲಯದ ಯಾರೋ ಹಿರಿಯ ಅಧಿಕಾರಿಯೇ ಇರಬೇಕೆಂದು ಜನ ತರ್ಕಿಸಿದರು. ಸರ್ಕಾರದ ಆರ್ಥಿಕ ನೀತಿಯನ್ನು ಆ ಲೇಖನಿ ಕಟುವಾಗಿ ಟೀಕಿಸುತ್ತಿತ್ತು. 2009ರ ಜನವರಿಯಲ್ಲಿ, ಸುಳ್ಳು ಮಾಹಿತಿ ಹರಡಿದ ಆರೋಪದ ಮೇಲೆ ಅವರನ್ನು ಹಿಡಿದು ತಂದಾಗ ಕಂಡದ್ದು ಮೂವತ್ತರ ಆಸುಪಾಸಿನ ಒಬ್ಬ ನಿರುದ್ಯೋಗಿ ಯುವಕ; ಅರ್ಥಶಾಸ್ತ್ರವನ್ನು ತಾನೇ ಓದಿ ಕಲಿತವನು. ಏಪ್ರಿಲಿನಲ್ಲಿ ನ್ಯಾಯಾಲಯ ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಆತನ ಮೇಲೆ ಹೊರಿಸಿದ್ದ ಕಲಮನ್ನೇ 2010ರ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದುಪಡಿಸಿತು. ಇಲ್ಲಿ ನಮಗೊಂದು ಪ್ರಶ್ನೆ ಏಳುತ್ತದೆ. ಮೊದಲ ದಿನದಿಂದಲೇ ನಿಜವಾದ ಹೆಸರು, ಓದು, ಉದ್ಯೋಗಗಳನ್ನು ಹೇಳಿಕೊಂಡು ಬರೆದಿದ್ದರೆ ಆ ಯುವಕನ ಮಾತನ್ನು ಯಾರು ಓದುತ್ತಿದ್ದರು? ಹೆಸರಿನೊಡನೆ ಊರು, ಜಾತಿ, ಪದವಿಗಳನ್ನೂ ಅಳೆದು ನೋಡುವ ನಮ್ಮ ಸಮಾಜದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ.

ಇನ್ನು ನಿಯಮದ ಬಿಕ್ಕಟ್ಟುಗಳು. 2009ರ ಏಪ್ರಿಲಿನಲ್ಲಿ ಗೂಗಲ್ ಸಂಸ್ಥೆ ಗುರುತು ಸಂಗ್ರಹಿಸಲು ಒಪ್ಪದೆ, ಯೂಟ್ಯೂಬಿನ ಕೊರಿಯಾ ಆವೃತ್ತಿಯಲ್ಲಿ ಚಿತ್ರ ಸೇರಿಸುವುದನ್ನೂ ಅಭಿಪ್ರಾಯ ಬರೆಯುವುದನ್ನೂ ನಿಲ್ಲಿಸಿಬಿಟ್ಟಿತು. ಬೇಕಾದವರು ಬೇರೆ ದೇಶವನ್ನು ಆರಿಸಿಕೊಂಡು ಅಲ್ಲಿಯೇ ಬರೆಯತೊಡಗಿದರು. ನಿಯಮದ ಹೊರೆ ಬಿದ್ದದ್ದು ಸ್ವದೇಶಿ ಸಂಸ್ಥೆಗಳ ಮೇಲೆ ಮಾತ್ರ.

ನಿಜವಾದ ಅನಾಹುತ 2011ರ ಜುಲೈನಲ್ಲಿ ಸಂಭವಿಸಿತು. ನೇಟ್ ಮತ್ತು ಸೈವರ್ಲ್ಡ್ ಎಂಬ ಎರಡು ಜನಪ್ರಿಯ ತಾಣಗಳಿಗೆ ಕನ್ನ ಬಿದ್ದು, ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರಗಳು ಕಳ್ಳರ ಪಾಲಾದವು. ಆಗ ದೇಶದ ಜನಸಂಖ್ಯೆ ಸುಮಾರು ಐದು ಕೋಟಿ. ಗುಪ್ತಪದ ಕಳುವಾದರೆ ಹೊಸದನ್ನು ಇಟ್ಟುಕೊಳ್ಳಬಹುದು. ಹುಟ್ಟಿದ ದಿನವನ್ನು ಬದಲಿಸುವುದೆಂತು? ಯಾರನ್ನೂ ಎಂದೂ ನಿಂದಿಸದೆ, ಅಡುಗೆಯ ವಿಷಯವನ್ನೋ ಮಕ್ಕಳ ಶಾಲೆಯ ವಿಷಯವನ್ನೋ ಬರೆಯಲು ಹೋಗಿ ಸಂಖ್ಯೆ ಕೊಟ್ಟ ಗೃಹಿಣಿಯೂ ಇದರಲ್ಲಿ ಸಿಕ್ಕಿಕೊಂಡಿರಬಹುದಲ್ಲವೆ?

2012ರ ಆಗಸ್ಟ್ 23ರಂದು ಸಂವಿಧಾನ ನ್ಯಾಯಾಲಯದ ಎಂಟು ನ್ಯಾಯಾಧೀಶರು ಒಮ್ಮತದಿಂದ ನಿಜನಾಮದ ನಿಯಮವನ್ನು ತೊಡೆದುಹಾಕಿದರು. ನಿಯಮ ಬಂದ ಮೇಲೆ ಕಾನೂನುಬಾಹಿರ ಬರಹಗಳು ಗಣನೀಯವಾಗಿ ಕಡಿಮೆಯಾದದ್ದಕ್ಕೆ ಪುರಾವೆಯಿಲ್ಲ. ಜನ ವಿದೇಶಿ ತಾಣಗಳಿಗೆ ವಲಸೆ ಹೋಗಿದ್ದಾರೆ. ಮಾಹಿತಿ ಸೋರುವ ಅಪಾಯ ದೊಡ್ಡದು. ತಪ್ಪಿತಸ್ಥರನ್ನು ಪತ್ತೆ ಹಚ್ಚಲು ಬೇರೆ ದಾರಿಗಳಿವೆ ಎಂಬುದು ತೀರ್ಪಿನ ಸಾರ. ಕೊನೆಯ ಮಾತನ್ನು ನಮ್ಮವರು ಮರೆಯುವುದುಂಟು. ಅಡ್ಡಹೆಸರಿನಲ್ಲಿ ಬರೆದ ಮಾತ್ರಕ್ಕೆ ಯಾರೂ ಕಾನೂನಿನಿಂದ ಪಾರಾಗುವುದಿಲ್ಲ. ಬೆದರಿಕೆ ಹಾಕಿದವನನ್ನು ಆತನ ಸಂಪರ್ಕದ ಜಾಡು ಹಿಡಿದು ಪೊಲೀಸರು ಹುಡುಕಬಲ್ಲರು. ಒಬ್ಬ ಅಪರಾಧಿಯನ್ನು ಅಪರಾಧದ ಬಳಿಕ ಹುಡುಕುವುದಕ್ಕೂ, ಊರಿನವರೆಲ್ಲರ ಬೆರಳಚ್ಚನ್ನು ಮುಂಚೆಯೇ ಪಡೆದಿಡುವುದಕ್ಕೂ ವ್ಯತ್ಯಾಸವಿದೆ.

ನಿಜನಾಮದಲ್ಲಿ ಬರೆಯುವವರ ಪಾಡೇನೆಂಬುದಕ್ಕೆ ಕೊರಿಯಾಕ್ಕೆ ಹೋಗಬೇಕಾಗಿಲ್ಲ. 2012ರ ನವೆಂಬರಿನಲ್ಲಿ ಮುಂಬಯಿಯ ಬಳಿಯ ಪಾಲ್ಘರ್‌ನಲ್ಲಿ ಯುವತಿಯೊಬ್ಬಳು ನಗರದ ಬಂದ್ ಕುರಿತು ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಳು, ಗೆಳತಿಯೊಬ್ಬಳು ಅದನ್ನು ಮೆಚ್ಚಿದಳು. ಇಬ್ಬರೂ ಅಡಗಿಕೊಂಡಿರಲಿಲ್ಲ. ಇಬ್ಬರ ಬಂಧನವೂ ಆಯಿತು. ಆಗ ಬಳಕೆಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಅಸಾಂವಿಧಾನಿಕವೆಂದು ಸಾರಿತು. ಮುಂಬಯಿಯ ಓದುಗರಿಗೆ ಆ ದಿನಗಳ ನೆನಪು ಇನ್ನೂ ಹಸಿಯಾಗಿರಬೇಕು. ಇತ್ತ ಭಾವಚಿತ್ರ, ಮನೆತನದ ಹೆಸರು ಸಮೇತವಾಗಿಯೇ ವಾಟ್ಸ್ಆಪ್ ಗುಂಪುಗಳಲ್ಲಿ ಹೊಲಸು ಬರೆಯುವ ನಮ್ಮದೇ ಬಂಧುಗಳನ್ನು ಕಂಡಾಗ, ಹೆಸರಿನ ಲಜ್ಜೆಯ ಮೇಲೆ ನಾವಿಟ್ಟಿದ್ದ ಭರವಸೆ ಮತ್ತಷ್ಟು ಕುಗ್ಗುತ್ತದೆ.

ಹಾಗಾದರೆ ಸಭ್ಯತೆಯ ಆಧಾರ ಯಾವುದು? ಕನ್ನಡಿಗರಿಗೆ ಇದರ ಸುಳಿವು ಹಳೆಯದೇ. ನಮ್ಮಲ್ಲಿ ಕಾವ್ಯನಾಮಗಳಿಗೆ ಬರವಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ‘ಮುದ್ದಣ’ನಾದರು, ಮಾಸ್ತಿಯವರು ‘ಶ್ರೀನಿವಾಸ’ರಾದರು, ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದರು. ಇವು ಸರ್ಕಾರದ ದಾಖಲೆಯ ಹೆಸರುಗಳಲ್ಲ. ಹಾಗೆಂದು ಬೇಜವಾಬ್ದಾರಿಯ ಮುಸುಕುಗಳೂ ಅಲ್ಲ. ವರ್ಷಗಟ್ಟಲೆ ಒಂದೇ ಹೆಸರಿನಲ್ಲಿ ಬರೆದವನಿಗೆ ಆ ಹೆಸರಿನ ಮಾನ ಕಾಯುವ ಹೊಣೆ ತಾನಾಗಿ ಬರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಪತ್ರಿಕೆಗಳ ವಾಚಕರ ವಾಣಿಯ ಪದ್ಧತಿಯೂ ಜಾಣತನದ್ದೇ: ಪತ್ರ ಬರೆದವರ ಹೆಸರು ಸಂಪಾದಕರಿಗೆ ತಿಳಿದಿರಬೇಕು, ಕೋರಿಕೆಯಿದ್ದರೆ ಅಚ್ಚಿನಲ್ಲಿ ಅದನ್ನು ಮರೆಮಾಚಬಹುದು.

ಕೊರಿಯಾ ಕೂಡ ಬಳಸುದಾರಿಯಲ್ಲಿ ಇದರ ಸಮೀಪಕ್ಕೇ ಬಂದಿತು. 2019ರ ಅಕ್ಟೋಬರಿನಲ್ಲಿ ಯುವ ಗಾಯಕಿ ಸುಲ್ಲಿ ಅವರ ಮರಣದ ಬಳಿಕ ನಿಜನಾಮದ ಕೂಗು ಮತ್ತೆ ಎದ್ದಿತು. ಹಳೆಯ ನಿಯಮ ಮರಳಲಿಲ್ಲ. ಅಲ್ಲಿನ ಅತಿ ದೊಡ್ಡ ತಾಣವಾದ ನೇವರ್ 2020ರ ಮಾರ್ಚಿನಲ್ಲಿ ಮನರಂಜನಾ ಸುದ್ದಿಗಳ ಕೆಳಗೆ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿತು. ಉಳಿದ ಸುದ್ದಿಗಳಲ್ಲಿ ಬರೆಯುವವರು ಹಿಂದೆ ಬರೆದ ಮಾತುಗಳೆಲ್ಲ ಅವರ ಅಡ್ಡಹೆಸರಿನಡಿ ಎಲ್ಲರಿಗೂ ಕಾಣುವಂತೆ ಮಾಡಿತು. ಇಂದು ಇಲ್ಲಿ ವಿನಯದಿಂದ ಮಾತಾಡುವವನು ನಿನ್ನೆ ಬೇರೆಡೆ ಏನು ಬರೆದಿದ್ದನೆಂದು ಯಾರು ಬೇಕಾದರೂ ನೋಡಬಹುದು. ಆತನ ಮನೆಯ ವಿಳಾಸವನ್ನಾಗಲಿ ಜನ್ಮದಿನವನ್ನಾಗಲಿ ಅದಕ್ಕಾಗಿ ಕೇಳಬೇಕಾಗಿಲ್ಲ. ಚುನಾವಣೆಯ ಸಮಯಕ್ಕೆಂದು ಪ್ರತ್ಯೇಕವಾಗಿ ಉಳಿದಿದ್ದ ನಿಜನಾಮದ ನಿಯಮವನ್ನೂ 2021ರ ಜನವರಿಯಲ್ಲಿ ಸಂವಿಧಾನ ನ್ಯಾಯಾಲಯ ರದ್ದುಗೊಳಿಸಿತು.