ಚಟ, ಗುಣ, ಹುಚ್ಚು: ಮೂರು ಪದಗಳ ನಡುವೆ ಸಿಲುಕಿದ ರೋಗಿ

ಅಪಸಾಮಾನ್ಯ ಮನೋವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಮಾದಕ ವ್ಯಸನ, ವ್ಯಕ್ತಿತ್ವ ದೋಷ ಮತ್ತು ಚಿತ್ತವಿಕಲತೆಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಹಲವು ವರ್ಷ ಈ ವಿಷಯವನ್ನು ಕಾಲೇಜಿನಲ್ಲಿ ಬೋಧಿಸಿದ ನಾನು ಕಂಡಂತೆ, ವಿದ್ಯಾರ್ಥಿಗಳು ಮೂರನ್ನೂ ಚೆನ್ನಾಗಿಯೇ ಬರೆಯುತ್ತಾರೆ. ತೊಡಕು ಶುರುವಾಗುವುದು ಮನೆಯಲ್ಲಿ. ಅಲ್ಲಿ ಅಧ್ಯಾಯಗಳಿಲ್ಲ, ಒಬ್ಬ ಮಗನೋ ಗಂಡನೋ ಇದ್ದಾನೆ. ಅವನು ಕುಡಿಯುತ್ತಾನೆ, ಕಾರಣವಿಲ್ಲದೆ ಸಿಟ್ಟಿಗೇಳುತ್ತಾನೆ, ಒಂದು ದಿನ ಪಕ್ಕದ ಮನೆಯವರು ತನ್ನ ಊಟಕ್ಕೆ ವಿಷ ಬೆರೆಸಿದ್ದಾರೆ ಎನ್ನುತ್ತಾನೆ. ಇದಕ್ಕೆಲ್ಲ ನಮ್ಮ ಬಳಿ ಸಿದ್ಧವಿರುವ ಪದಗಳು ಮೂರೇ: ಚಟ, ಗುಣ, ಹುಚ್ಚು. ಯಾವ ಪದ ಮೊದಲು ಬಾಯಿಗೆ ಬರುತ್ತದೆಯೋ ಆತನನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಚಟವೆಂದರೆ ದೇವರ ಆಣೆ; ಗುಣವೆಂದರೆ ಮದುವೆ ಮಾಡಿದರೆ ಸರಿಹೋದೀತೆಂಬ ನಂಬಿಕೆ; ಹುಚ್ಚೆಂದರೆ ಮಂತ್ರವಾದಿ, ಇಲ್ಲವೇ ಬೀಗ ಹಾಕಿದ ಕೋಣೆ. ವೈದ್ಯರ ಸರದಿ ಬರುವುದು ಬಹುಪಾಲು ಕೊನೆಯಲ್ಲಿ.

ಕುಡಿತವನ್ನೇ ನೋಡೋಣ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಮಂಕನ್ನು ಸರಿದೂಗಿಸಲು ಸದಾ ಉದ್ರೇಕದಲ್ಲಿರುವುದಕ್ಕೆ ಒಗ್ಗಿಕೊಂಡಿರುತ್ತದೆ. ಮದ್ಯ ಏಕಾಏಕಿ ನಿಂತಾಗ ಆ ಉದ್ರೇಕಕ್ಕೆ ಕಡಿವಾಣವಿಲ್ಲದಂತಾಗುತ್ತದೆ. ಮೊದಲು ಕೈನಡುಕ, ಬೆವರು, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್, ಎರಡು ಮೂರು ದಿನಗಳಲ್ಲಿ ಇನ್ನು ಕೆಲವರಿಗೆ ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಸ್ಥಿತಿ. ಗೋಡೆಯ ಮೇಲೆ ಹುಳಹುಪ್ಪಟೆ ಹರಿದಾಡಿದಂತೆ ಕಾಣುತ್ತದೆ, ಹಗಲು ರಾತ್ರಿಯ ಪರಿವೆ ತಪ್ಪುತ್ತದೆ, ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೂ ಹೋಗಬಹುದು. ಮಾಲೆ ಧರಿಸಿ ವ್ರತ ಹಿಡಿದವನಿಗೆ ಮೂರನೆಯ ದಿನ ಹೀಗಾದರೆ ದೇವರು ಮುನಿದನೆಂದೋ ಗಾಳಿ ಸೋಕಿತೆಂದೋ ಮನೆಮಂದಿ ಭಾವಿಸುತ್ತಾರೆ. ವ್ರತದ ಬಗ್ಗೆ ನನ್ನ ತಕರಾರಿಲ್ಲ. ಕುಡಿತ ಬಿಡಬೇಕೆಂಬ ಸಂಕಲ್ಪಕ್ಕೆ ಬಲ ತುಂಬುವ ಯಾವುದನ್ನೂ ಹಳಿಯಬಾರದು. ಆದರೆ ಮಾಲೆ ಧರಿಸುವ ಮುನ್ನ ಆತನನ್ನು ಒಮ್ಮೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬಾರದೇಕೆ? ಡಯಜೆಪಾಮ್ ಗುಂಪಿನ ಔಷಧವನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುವುದು, ಜೊತೆಗೆ ಥಯಾಮಿನ್ ಜೀವಸತ್ವ ನೀಡುವುದು ದುಬಾರಿ ಚಿಕಿತ್ಸೆಯೇನಲ್ಲ. 2020ರ ಮಾರ್ಚ್‌ ಕೊನೆಯಲ್ಲಿ ಲಾಕ್‌ಡೌನ್‌ನಿಂದಾಗಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ಸ್ಥಿತಿಯಲ್ಲಿ ಬಂದವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ.

ಗಾಂಜಾ ವಿಷಯ ಇನ್ನಷ್ಟು ಜಟಿಲ. 1969–70ರಲ್ಲಿ ಸ್ವೀಡನ್ನಿನ ಸೇನೆಗೆ ಕರೆಬಂದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಐವತ್ತಕ್ಕೂ ಹೆಚ್ಚು ಬಾರಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಳ್ಳುವ ಸಂಭವ, ಸೇದದವರಿಗಿಂತ ಸುಮಾರು ಆರು ಪಟ್ಟು ಇತ್ತು. ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದಾಗ ಈ ಪ್ರಮಾಣ ತಗ್ಗಿತು, ಇಲ್ಲವಾಗಲಿಲ್ಲ. ಸೇದಿದವರೆಲ್ಲ ಕಾಯಿಲೆ ಬೀಳುವುದಿಲ್ಲ ನಿಜ. ಆದರೆ ಯಾರ ಮಿದುಳು ಸೂಕ್ಷ್ಮವೆಂದು ಮೊದಲೇ ಹೇಳುವ ಪರೀಕ್ಷೆ ಯಾರಲ್ಲಿಯೂ ಇಲ್ಲ.

ನಮ್ಮ ಬಂಧುವರ್ಗದ ಯುವಕನೊಬ್ಬನಿಗೆ ಎಂಜಿನಿಯರಿಂಗ್ ಓದುವಾಗ ಯಾರೋ ತನ್ನನ್ನು ಬಯ್ಯುವ ದನಿ ಕೇಳಿಸತೊಡಗಿತು. ಕೋಣೆಯಲ್ಲಿ ಗಾಂಜಾ ಸಿಕ್ಕಿತು. ಅಲ್ಲಿಗೆ ವಿಚಾರಣೆ ಮುಗಿಯಿತು! ತಂದೆ ಅವನನ್ನು ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಸೇರಿಸಿದರು. ಬೆಳಗಿನ ಪ್ರಾರ್ಥನೆ, ಶಿಸ್ತು, ಉಪದೇಶ ಎಲ್ಲ ಇದ್ದ ಅಲ್ಲಿ ಮನೋವೈದ್ಯರೊಬ್ಬರು ಮಾತ್ರ ಇರಲಿಲ್ಲ. ಎಂಟು ತಿಂಗಳು ಗಾಂಜಾ ಮುಟ್ಟದೆಯೂ ದನಿ ನಿಲ್ಲಲಿಲ್ಲ. ಅಮಲಿನಿಂದ ಹುಟ್ಟಿದ ಭ್ರಮೆ ಸಾಮಾನ್ಯವಾಗಿ ಅಮಲು ಪದಾರ್ಥ ಬಿಟ್ಟ ಕೆಲವು ದಿನ ಅಥವಾ ವಾರಗಳಲ್ಲಿ ಕರಗುತ್ತದೆ. ತಿಂಗಳು ಕಳೆದರೂ ಉಳಿದರೆ ಬೇರೆ ಕಾಯಿಲೆಯಿರಬಹುದೆಂದು ಸಂಶಯಿಸಬೇಕು. ಮನೋವೈದ್ಯರು ಯಾವುದು ಮೊದಲು ಬಂತು, ಬಿಟ್ಟ ಮೇಲೆ ಏನು ಉಳಿಯಿತು ಎಂದು ಮತ್ತೆ ಮತ್ತೆ ಕೇಳುವುದು ಇದಕ್ಕಾಗಿಯೇ. ದನಿಯ ಕಾಟ ತಾಳಲಾರದೆ ಸೇದುವವರೂ ಇರುತ್ತಾರಲ್ಲ! ಚಿತ್ತವಿಕಲತೆಗೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಆ ಹುಡುಗ ಈಗ ಔಷಧ ಸೇವಿಸುತ್ತ ಸಣ್ಣದೊಂದು ಕೆಲಸ ಮಾಡುತ್ತಿದ್ದಾನೆ. ಓದು ಅಲ್ಲಿಗೇ ನಿಂತಿದೆ.

ಕೂಡಿಹಾಕುವುದನ್ನೇ ಚಿಕಿತ್ಸೆಯೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿಯನ್ನು ನೆನೆದರೆ ಸಾಕು. 2001ರ ಆಗಸ್ಟ್ 6ರಂದು ಅಲ್ಲಿನ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಮೂರರಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವುದು ‘ವ್ಯಕ್ತಿತ್ವ ದೋಷ’ ಎಂಬ ಪದವೆಂದು ನನ್ನ ಅಭಿಪ್ರಾಯ. ಆಗದ ಸೊಸೆ, ಒಗ್ಗದ ಅಳಿಯ, ಎದುರು ಪಕ್ಷದ ನಾಯಕ ಎಲ್ಲರಿಗೂ ಈ ಹಣೆಪಟ್ಟಿ ಅಂಟಿಸುವುದು ಸುಶಿಕ್ಷಿತರ ಹೊಸ ಬೈಗುಳ. ಹರೆಯದಲ್ಲೇ ಕಾಣಿಸಿ, ವರ್ಷಗಟ್ಟಲೆ ಬದುಕಿನ ಎಲ್ಲ ಸಂಬಂಧಗಳನ್ನೂ ಕೆಡಿಸುವ ನಡವಳಿಕೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಕುಡಿಯುತ್ತಿರುವವನ ಸುಳ್ಳು, ಕೋಪಗಳನ್ನು ನೋಡಿ ಅದನ್ನು ಹೇಳಲಾಗದು. ಅಮಲಿಳಿದ ಮೇಲಿನ ಮನುಷ್ಯನನ್ನು ನೋಡಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ–11 ವರ್ಗೀಕರಣವು ಹಳೆಯ ಬಗೆಗಳ ಉದ್ದನೆಯ ಪಟ್ಟಿಯನ್ನು ಕೈಬಿಟ್ಟು, ದೋಷವು ಸೌಮ್ಯವೋ ಮಧ್ಯಮವೋ ತೀವ್ರವೋ ಎಂದು ಮೊದಲು ಕೇಳುತ್ತದೆ. ಇದಕ್ಕೆ ಮದ್ದೇ ಇಲ್ಲವೆಂಬ ಹತಾಶೆಯೂ ಸಲ್ಲದು. ಸದಾ ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವ ‘ಬಾರ್ಡರ್‌ಲೈನ್’ ರೋಗಿಗಳಿಗೆ ಪರಿಣಾಮಕಾರಿ ಮಾತಿನ ಚಿಕಿತ್ಸೆಯೊಂದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲಿನೆಹಾನ್, ತಾವೂ ಹದಿಹರೆಯದಲ್ಲಿ ಹಾಗೆಯೇ ನರಳಿ ಆಸ್ಪತ್ರೆ ಸೇರಿದ್ದನ್ನು 2011ರಲ್ಲಿ ಬಹಿರಂಗಪಡಿಸಿದರು.

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನದಿಂದ ನರಳುವವರಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಇದು ಸ್ವಾಗತಾರ್ಹ. ಆದರೆ ವೈಪರೀತ್ಯವೊಂದನ್ನು ಓದುಗರ ಗಮನಕ್ಕೆ ತರಲೇಬೇಕು. ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮನೋರೋಗವೇ ಎಂದು 2017ರ ಕಾಯ್ದೆ ಹೇಳುತ್ತದೆ. ದೇಹದ ಕಾಯಿಲೆಗೆ ಸಿಗುವಂತೆಯೇ ಮನೋರೋಗಕ್ಕೂ ವಿಮೆ ಸಿಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಹೀಗಿದ್ದೂ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ, ವಿಮೆಯಿಂದ ಹೊರಗಿಡಬಹುದಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆ ಸೇರಿತು. ತಮ್ಮ ಮನೆಯ ಆರೋಗ್ಯ ವಿಮೆಯ ಕಾಗದಪತ್ರಗಳಲ್ಲಿ ‘ಹೊರತುಪಡಿಸಿದವು’ ಎಂಬ ಸಣ್ಣ ಅಕ್ಷರಗಳ ಪುಟವನ್ನು ಓದುಗರು ಇಂದೇ ತೆರೆದು ನೋಡಬಹುದು.