ಯಾವುದು ಮೊದಲು, ಯಾವುದು ನಂತರ: ಕಾಸಲ್ ಸೆಟ್ ಸಿದ್ಧಾಂತ ತರಗತಿಯಲ್ಲಿ

ದ್ವಿತೀಯ ಪಿಯುಸಿಯಲ್ಲಿ ಆಧುನಿಕ ಭೌತಶಾಸ್ತ್ರ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ: ಕ್ವಾಂಟಂ ಸಿದ್ಧಾಂತವೂ ಸರಿ, ಸಾಪೇಕ್ಷತೆಯೂ ಸರಿ ಎಂದಮೇಲೆ ಎರಡೂ ಏಕೆ ಕೂಡುವುದಿಲ್ಲ? ಪಠ್ಯದಲ್ಲಿಲ್ಲ ಎಂದು ಸರಿಸಿಬಿಡಬೇಡಿ. ಗಣಿತದಲ್ಲಿ ಗಣ, ಸಂಬಂಧಗಳನ್ನು ಕಲಿತ ಮಕ್ಕಳಿಗೆ ಒಂದು ದಾರಿಯನ್ನಾದರೂ ತೋರಿಸಬಹುದು.

ಮೊದಲು ತೊಡಕನ್ನು ಹೇಳಿ. ಕ್ವಾಂಟಂ ಸಿದ್ಧಾಂತದಲ್ಲಿ ಕಾಲವು ಹೊರಗೆ ನಿಂತ ಗಡಿಯಾರ. ಸಾಮಾನ್ಯ ಸಾಪೇಕ್ಷತೆಯಲ್ಲಿ ದೇಶ-ಕಾಲವೇ ದ್ರವ್ಯಕ್ಕೆ ತಕ್ಕಂತೆ ಬಾಗುತ್ತದೆ. ಹೊರಗೆ ಗಡಿಯಾರವೇ ಇಲ್ಲ.

ಬಳಿಕ ಸೂರ್ಯನ ಉದಾಹರಣೆ. ಅಲ್ಲಿಂದ ಬೆಳಕು ಬರಲು ಸುಮಾರು 8 ನಿಮಿಷ ಬೇಕು. ಈಗ ಅಲ್ಲೊಂದು ಸ್ಫೋಟವಾಗಿ, 5 ನಿಮಿಷದಲ್ಲಿ ನಮ್ಮ ಶಾಲೆಯ ಗಂಟೆ ಬಾರಿಸಿದರೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ಯಾವುದು ಮೊದಲು ಎಂಬುದರಲ್ಲೂ ವೀಕ್ಷಕರು ಒಮ್ಮತಕ್ಕೆ ಬರಬೇಕಿಲ್ಲ. ಗಂಟೆ 10 ನಿಮಿಷದ ನಂತರ ಬಾರಿಸಿದರೆ ಸ್ಫೋಟವೇ ಮೊದಲೆಂದು ಎಲ್ಲರೂ ಒಪ್ಪುತ್ತಾರೆ. ಉದ್ದ, ಅವಧಿಗಳು ವೀಕ್ಷಕನಿಂದ ವೀಕ್ಷಕನಿಗೆ ಬದಲಾದರೂ ಕಾರಣ-ಕಾರ್ಯದ ಈ ಕ್ರಮ ಬದಲಾಗದು.

1987ರಲ್ಲಿ ಬೊಂಬೆಲ್ಲಿ, ಲೀ, ಮೇಯರ್ ಮತ್ತು ರಾಫೆಲ್ ಸಾರ್ಕಿನ್ ಈ ಕ್ರಮವನ್ನೇ ತಳಹದಿಯಾಗಿಟ್ಟರು. ದೇಶ-ಕಾಲವೆಂದರೆ ಬಿಡಿ ಬಿಡಿ ಘಟನೆಗಳ ಗಣ. ಅವುಗಳ ನಡುವೆ ಇರುವುದು 'ಮೊದಲು' ಎಂಬ ಸಂಬಂಧ ಮಾತ್ರ. ಅ ಎಂಬುದು ಆಗಿಂತ ಮೊದಲು, ಆ ಎಂಬುದು ಇಗಿಂತ ಮೊದಲು ಎಂದರೆ ಅ ಎಂಬುದು ಇಗಿಂತಲೂ ಮೊದಲು (ಮಕ್ಕಳು ತಾವಾಗಿಯೇ ಟ್ರಾನ್ಸಿಟಿವ್ ಎನ್ನುತ್ತಾರೆ). ಯಾವ ಘಟನೆಯೂ ತನಗಿಂತ ತಾನೇ ಮೊದಲಲ್ಲ. ಎರಡು ಘಟನೆಗಳ ನಡುವೆ ಬರುವ ಘಟನೆಗಳು ಎಣಿಕೆಗೆ ಸಿಗುವಷ್ಟೇ. ಹಾಗಾದರೆ ಅಳತೆ ಎಲ್ಲಿಂದ? ಕ್ರಮವು ದೇಶ-ಕಾಲದ ಆಕಾರವನ್ನು ಕೊಡುತ್ತದೆ, ಗಾತ್ರವನ್ನಲ್ಲ ಎಂದು 1970ರ ದಶಕದಲ್ಲೇ ಸಾಧಿತವಾಗಿತ್ತು. ಗಾತ್ರಕ್ಕೆ ಘಟನೆಗಳನ್ನು ಎಣಿಸಿದರಾಯಿತು.

ಇಲ್ಲಿ ತಪ್ಪದೆ ಒಂದು ಚಟುವಟಿಕೆ ಮಾಡಿಸಿ. ಒಂದು ಹಾಳೆಯಲ್ಲಿ ಚುಕ್ಕಿ ರಂಗೋಲಿಯಂತೆ ಸಾಲಾಗಿ ಚುಕ್ಕಿ ಇಡಿಸಿ, ಇನ್ನೊಂದರ ಮೇಲೆ ಸಾಸಿವೆ ಚೆಲ್ಲಿಸಿ. ಮೇಲ್ಮುಖ ಕಾಲ, ಅಡ್ಡ ದೂರ, 45 ಡಿಗ್ರಿ ಓರೆಗೆರೆ ಬೆಳಕು. ವೇಗವಾಗಿ ಚಲಿಸುವವನ ಲೆಕ್ಕದಲ್ಲಿ ಚಿತ್ರವು ಒಂದು ಓರೆಗೆರೆಯ ಉದ್ದಕ್ಕೆ ಹಿಗ್ಗಿ, ಇನ್ನೊಂದರ ಉದ್ದಕ್ಕೆ ಅಷ್ಟೇ ಪಟ್ಟು ಕುಗ್ಗುತ್ತದೆ, ವಿಸ್ತೀರ್ಣ ಅಷ್ಟೇ. ರಂಗೋಲಿಯ ಸಾಲು ಕೆಡುತ್ತದೆ, ಅಂದರೆ ಯಾರು ಚಲಿಸುತ್ತಿದ್ದಾರೆಂದು ಗುಟ್ಟು ಬಿಟ್ಟುಕೊಡುತ್ತದೆ. ಸಾಪೇಕ್ಷತೆ ಅದಕ್ಕೆ ಒಪ್ಪದು. ಚೆಲ್ಲಿದ ಸಾಸಿವೆ ಮಾತ್ರ ಚೆಲ್ಲಿದ ಸಾಸಿವೆಯಂತೆಯೇ ಕಾಣುತ್ತದೆ. ಕಾಸಲ್ ಸೆಟ್‌ನವರು ಚೌಕುಳಿ ಜಾಲವನ್ನು ಬಿಟ್ಟು ಯಾದೃಚ್ಛಿಕ ಹರಡುವಿಕೆಯನ್ನು ಹಿಡಿದದ್ದು ಇದಕ್ಕಾಗಿ. ನನ್ನ ಮಟ್ಟಿಗೆ ಇಡೀ ಪಾಠದ ಸಾರ ಈ ಸಾಸಿವೆಯಲ್ಲಿದೆ. ಇದಕ್ಕೆ ಅರ್ಧ ಅವಧಿ ಹೋದರೂ ಚಿಂತೆಯಿಲ್ಲ.

ಚೆಲ್ಲಿದಾಗ ಎಣಿಕೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಸುಮಾರು ಎಣಿಕೆಯ ವರ್ಗಮೂಲದಷ್ಟು. ಈ ಏರಿಳಿತದಿಂದಲೇ ಸಾರ್ಕಿನ್, ವಿಶ್ವಸ್ಥಿರಾಂಕ ಸೊನ್ನೆಯಲ್ಲ, ಆದರೆ ಅತ್ಯಲ್ಪ ಎಂದು ಊಹಿಸಿದರು. 1998ರ ಸೂಪರ್‌ನೋವಾ ವೀಕ್ಷಣೆಗಳಲ್ಲಿ ಸಿಕ್ಕ ಬೆಲೆಯೂ ಅದೇ ಪ್ರಮಾಣದ್ದು. ಈ ಸಂಶೋಧನೆ ದೂರದ ಮಾತೇನಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸುಮತಿ ಸೂರ್ಯ ಅವರು ಇದರಲ್ಲೇ ತೊಡಗಿದ್ದಾರೆ.

ಆದರೆ ಸಮಸ್ಯೆ ಬಗೆಹರಿಯಿತೆಂಬ ಭಾವನೆ ತರಗತಿಯಲ್ಲಿ ಉಳಿಯಬಾರದು. ಘಟನೆಗಳು ಒಂದೊಂದಾಗಿ ಹುಟ್ಟಿ ಗಣ ಬೆಳೆಯುವ ಮಾದರಿಯನ್ನು ರೈಡ್‌ಔಟ್ ಮತ್ತು ಸಾರ್ಕಿನ್ ಕಟ್ಟಿದ್ದಾರೆ. ಆದರೆ ಅದರಲ್ಲಿರುವುದು ದಾಳ ಎಸೆದಾಗಿನಂಥ ಸಾಧಾರಣ ಸಂಭವನೀಯತೆ. ಎರಡು ಸೀಳುಗಳ ಪ್ರಯೋಗದಲ್ಲಿ ಕಾಣುವ ಕ್ವಾಂಟಂ ವ್ಯತಿಕರಣವನ್ನು ಆ ಬೆಳವಣಿಗೆಯ ನಿಯಮಕ್ಕೆ ಪೂರ್ಣವಾಗಿ ಸೇರಿಸುವ ಕೆಲಸ ಇನ್ನೂ ಬಾಕಿಯಿದೆ.