ಶುಗರ್ ಇದ್ದವರ ಕಣ್ಣಿಗೆ ಯಾವ ಲೇಸರ್?

ಸಕ್ಕರೆ ಕಾಯಿಲೆಯವರು ಕಣ್ಣಿಗೆ ಲೇಸರ್ ಮಾಡಿಸಬಹುದೇ ಎಂದು ಕೇಳುವ ಮೊದಲು, ಯಾವ ಲೇಸರ್ ಎಂದು ಕೇಳಬೇಕು. ಕನ್ನಡಕ ಬಿಡಿಸುವ ಲೇಸಿಕ್ ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ತಿದ್ದುತ್ತದೆ. ಅದನ್ನು ಅನುಕೂಲಕ್ಕಾಗಿ ಮಾಡಿಸಿಕೊಳ್ಳುತ್ತಾರೆ, ಮುಂದೂಡಿದರೆ ನಷ್ಟವಿಲ್ಲ. ರಕ್ತದ ಸಕ್ಕರೆ ಏರಿಳಿದರೆ ಕನ್ನಡಕದ ನಂಬರೂ ಬದಲಾಗುತ್ತದೆ, ಕಾರ್ನಿಯಾದ ಗಾಯ ಮಾಯುವುದು ತಡವಾಗಬಹುದು. ಆದ್ದರಿಂದ ಸಕ್ಕರೆ ಹತೋಟಿಗೆ ಬಂದು, ನಂಬರ್ ಸ್ಥಿರವಾಗಿ, ಕಣ್ಣಿನ ಹಿಂಭಾಗದ ರೆಟಿನಾ ಚೆನ್ನಾಗಿದೆ ಎಂದು ಖಚಿತವಾದ ಮೇಲಷ್ಟೇ ಲೇಸಿಕ್‌ನ ಮಾತು. ರೆಟಿನಾಕ್ಕೆ ಹಾಕುವ ಲೇಸರ್‌ನ ಲೆಕ್ಕ ಇದಕ್ಕೆ ತಿರುವುಮುರುವು: ಅಲ್ಲಿ ತಡ ಮಾಡುವುದೇ ದೊಡ್ಡ ಅಪಾಯ.

ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಕೆಡುತ್ತವೆ. ರಕ್ತ ಸಾಲದ ಭಾಗ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಈ ಎಳೆಯ ನಾಳಗಳು ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ. ಲೇಸರ್ ರೆಟಿನಾದ ಅಂಚನ್ನು ಅಲ್ಲಲ್ಲಿ ಸುಟ್ಟು ಅದರ ಆಮ್ಲಜನಕದ ಬೇಡಿಕೆಯನ್ನು ತಗ್ಗಿಸಿದಾಗ ಹೊಸ ನಾಳಗಳು ಬಾಡುತ್ತವೆ. ಇದರಿಂದ ತೀವ್ರ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಡಯಾಬೆಟಿಕ್ ರೆಟಿನೋಪತಿ ಸ್ಟಡಿ 1970ರ ದಶಕದಲ್ಲೇ ತೋರಿಸಿತು. ಹಾಗಿದ್ದರೆ ಲೇಸರ್ ಆದಮೇಲೂ ಕೆಲವರಿಗೆ ಕಣ್ಣು ಕಾಣದಂತಾಗುವುದೇಕೆ? ಉಳಿದಿರುವ ದೃಷ್ಟಿಯನ್ನು ಕಾಯುವುದಷ್ಟೇ ಲೇಸರ್‌ನ ಕೆಲಸ. ರೋಗ ಬಲಿತ ಮೇಲೆ ಬಂದವರಿಗೆ ಕಾಯಲು ಉಳಿದಿರುವುದು ಕಡಿಮೆ. ಅಡ್ಡಪರಿಣಾಮಗಳೂ ಇವೆ. ಅಕ್ಕಪಕ್ಕದ ನೋಟ, ರಾತ್ರಿಯ ನೋಟ ತುಸು ಕುಗ್ಗಬಹುದು, ನಟ್ಟನಡುವಿನ ಮ್ಯಾಕ್ಯುಲಾದಲ್ಲಿ ಊತ ಹೆಚ್ಚಬಹುದು. ಪೂರ್ತಿ ಕುರುಡಿನ ಮುಂದೆ ಇಟ್ಟು ನೋಡಿದರೆ ಇದು ಸಣ್ಣ ಬೆಲೆ.

ಈಗ ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇರುವಾಗ ಸುಡುವುದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಮ್ಯಾಕ್ಯುಲಾದ ಊತಕ್ಕೆ ಇಂಜೆಕ್ಷನ್ನೇ ಮೇಲು. ಹೊಸ ನಾಳಗಳ ವಿಷಯದಲ್ಲೂ ಅದು ಲೇಸರ್‌ಗೆ ಸರಿಸಾಟಿ ಎಂದು 2015ರ ಅಧ್ಯಯನವೊಂದು ಹೇಳಿತು. ಆದರೆ ಇಂಜೆಕ್ಷನ್‌ಗೆ ಮತ್ತೆ ಮತ್ತೆ ಬರಬೇಕು. 6 ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಗೆ ಬಾರದವರಲ್ಲಿ, ಲೇಸರ್ ಆದವರಿಗಿಂತ ಇಂಜೆಕ್ಷನ್ ಮಾತ್ರ ಪಡೆದವರ ಕಣ್ಣು ಹೆಚ್ಚು ಕೆಟ್ಟಿತ್ತೆಂದು 2019ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಬೆಂಗಳೂರಿಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಊರು ಸೇರದ ಕುಟುಂಬಗಳಿಗೆ ಈ ವ್ಯತ್ಯಾಸ ದೊಡ್ಡದು. ಪರಿಣಾಮ ಬಹುಕಾಲ ಉಳಿಯುವ ಲೇಸರ್ ಅಂಥವರಿಗೆ ಹೆಚ್ಚು ಸುರಕ್ಷಿತ; ಆದರೂ ವೈದ್ಯರು ಹೇಳಿದಾಗ ಮರಳಿ ತೋರಿಸಲೇಬೇಕು.

ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ, ಪರೀಕ್ಷೆ ಯಾಕೆ ಎನ್ನುವವರೂ ಇದ್ದಾರೆ. ರೆಟಿನಾದ ಈ ರೋಗ ಮೊದಲ ಹಂತಗಳಲ್ಲಿ ನೋವನ್ನೂ ಕೊಡುವುದಿಲ್ಲ, ಮಂಜನ್ನೂ ತರುವುದಿಲ್ಲ. ಹಾಗಾಗಿ ದೊಡ್ಡವರಿಗೆ ಬರುವ ಟೈಪ್ 2 ಶುಗರ್ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ರೆಟಿನಾ ತೋರಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಗುಳಿಗೆ ಪಡೆಯುವಾಗಲೇ ಇದನ್ನು ವಿಚಾರಿಸಿ. ಅಲ್ಲಿ ಆಗದಿದ್ದರೆ ರಾಯಚೂರಿಗೆ ಬಂದು ತೋರಿಸಿ. ಹನಿ ಹಾಕಿದ ಮೇಲೆ ಕೆಲವು ತಾಸು ಕಣ್ಣು ಮಂಜಾಗುವುದರಿಂದ ಬೈಕ್ ಓಡಿಸಬಾರದು, ಜೊತೆಗೊಬ್ಬರಿರಲಿ. ವರ್ಷಕ್ಕೆ ಒಂದು ದಿನದ ಕೂಲಿ ಹೋದರೂ, ಲೇಸರ್ ಬೇಕಾದರೆ ಅದು ಫಲ ಕೊಡುವ ಹೊತ್ತಿನಲ್ಲೇ ಸಿಗುತ್ತದೆ.